ಕರು ಹಾಕಿದ ಹಸು ಹಾಯಲು ಬಂದರೆ: ಮೊದಲ ಹತ್ತು ದಿನಗಳ ಸಮಗ್ರ ಮಾರ್ಗದರ್ಶಿ

ವರ್ಷವಿಡೀ ಮಕ್ಕಳು ಗಂಗೆದೊಗಲು ಸವರಿದರೂ ಸುಮ್ಮನೆ ನಿಲ್ಲುತ್ತಿದ್ದ ಹಸು, ಕರು ಹಾಕಿದ ಮರುಗಳಿಗೆ ಮನೆಯ ಯಜಮಾನನನ್ನೇ ಕೊಟ್ಟಿಗೆಯಿಂದ ಓಡಿಸುತ್ತದೆ. ನೋಡಿದವರು 'ಗುಣ ಕೆಟ್ಟಿತು' ಅಂತಾರೆ. ಕೆಲವರು ಕೋಲು ಹಿಡಿಯುತ್ತಾರೆ, ಕೆಲವರು ದೃಷ್ಟಿ ತೆಗೆಯುತ್ತಾರೆ. ನಿಜ ಹೇಳಬೇಕೆಂದರೆ ಹಸುವಿಗೆ ಏನೂ ಆಗಿರುವುದಿಲ್ಲ. ಅದು ತನ್ನ ಕೆಲಸ ಮಾಡುತ್ತಿರುತ್ತದೆ. ನಾವೇ ನಮ್ಮ ಕೆಲಸವನ್ನು ಅದರ ಹೊತ್ತಿಗೆ ಹೊಂದಿಸಿಕೊಂಡಿರುವುದಿಲ್ಲ.

ಈ ಸಿಟ್ಟಿಗೆ ಒಂದು ಲೆಕ್ಕ ಇದೆ. ಮೊದಲ ಎರಡು ಮೂರು ದಿನ ಜೋರಾಗಿರುತ್ತದೆ, ಆಮೇಲೆ ಇಳಿಯುತ್ತಾ ಬರುತ್ತದೆ. ಹಾಗಾಗಿ ಆಗಲೇಬೇಕಾದ ಕೆಲಸಗಳನ್ನು ಮಾತ್ರ ಮೊದಲ ದಿನ ಮಾಡಿ, ಉಳಿದದ್ದನ್ನೆಲ್ಲ ಮುಂದಕ್ಕೆ ಹಾಕಬೇಕು. ಅರ್ಧ ತಯಾರಿಯಂತೂ ಕರು ಹಾಕುವ ಮೊದಲೇ ಮುಗಿದಿರಬೇಕು.

ಸಿಟ್ಟು ಬರುವುದು ಎಲ್ಲಿಂದ

ಕರು ಹೊರಗೆ ಬರುವಾಗ ಗರ್ಭದ ಬಾಯಿ ಹಿಗ್ಗುತ್ತದೆ. ಆಗ ಹಸುವಿನ ಮೆದುಳಿನಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ಒಮ್ಮೆಲೇ ಜಾಸ್ತಿ ಬಿಡುಗಡೆಯಾಗುತ್ತದೆ. ಹಾಲು ಇಳಿಸುವುದೂ ಇದೇ ಹಾರ್ಮೋನು, ಕರುವಿನ ಮೇಲೆ ಮಮತೆ ಹುಟ್ಟಿಸುವುದೂ ಇದೇ. ಅದೇ ಹೊತ್ತಿಗೆ ಕರುವಿನ ಮೈಮೇಲಿನ ಗರ್ಭದ ನೀರಿನ ವಾಸನೆ ಹಸುವನ್ನು ಎಳೆಯುತ್ತದೆ. ಅದು ನೆಕ್ಕಲು ಶುರು ಮಾಡುತ್ತದೆ. ನೆಕ್ಕುತ್ತಾ ನೆಕ್ಕುತ್ತಾ ಇದು ನನ್ನ ಕರು ಎಂದು ಮೂಗಿನಿಂದಲೇ ಗುರುತು ಹಿಡಿಯುತ್ತದೆ. ಈ ನಂಟು ಕೂಡಿಬರುವುದು ಮೊದಲ ಕೆಲವೇ ಗಂಟೆಗಳಲ್ಲಿ.

ನೆಕ್ಕುವುದು ಬರೀ ಪ್ರೀತಿಯಲ್ಲ. ಮೈ ಒಣಗುತ್ತದೆ, ರಕ್ತ ಓಡಾಡುತ್ತದೆ, ಉಸಿರಾಟ ಸರಿಯಾಗುತ್ತದೆ. ಬಾಲದ ಕೆಳಗೆ ನೆಕ್ಕಿದಾಗ ಕರು ಮೊದಲ ಸಲ ಸಗಣಿ ಹಾಕುತ್ತದೆ. ನಾವು ಗೋಣಿಚೀಲ ಹಿಡಿದು ಒರೆಸುವ ಅರ್ಧ ಕೆಲಸವನ್ನು ಹಸುವೇ ಮಾಡುತ್ತದೆ, ನಮಗಿಂತ ಚೆನ್ನಾಗಿ.

ತಳಿಯಿಂದ ತಳಿಗೆ ಸಿಟ್ಟು ಬೇರೆ. ಹೆಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್), ಜರ್ಸಿ ಮಿಶ್ರತಳಿಗಳು ಸಾಮಾನ್ಯವಾಗಿ ಮೆತ್ತಗೆ. ಹಳ್ಳಿಕಾರ್ ಅಷ್ಟು ಸಲೀಸಲ್ಲ. ಅಮೃತಮಹಲ್ ಹಸುವಿನ ಕರುವನ್ನು ಮುಟ್ಟುವ ಮೊದಲು ಎರಡು ಸಲ ಯೋಚಿಸಬೇಕು. ಮೈಸೂರು ಅರಸರ ಕಾಲದಿಂದ ಕಾವಲು ಎನ್ನುವ ಮೀಸಲು ಹುಲ್ಲುಗಾವಲುಗಳ ಬಯಲಲ್ಲೇ ಮೇಯ್ದು, ಅಲ್ಲೇ ಕರು ಹಾಕಿ ಬೆಳೆದ ತಳಿ ಅದು. ಚಿರತೆ, ತೋಳಗಳ ನಡುವೆ ಕರು ಉಳಿಸಿಕೊಂಡ ಹಸುಗಳ ಸಂತಾನವೇ ತಾನೇ ಇವತ್ತು ಉಳಿದಿರುವುದು? ಸಾಲದ್ದಕ್ಕೆ ಉದ್ದನೆಯ ಚೂಪು ಕೊಂಬು. ಮಲೆನಾಡು ಗಿಡ್ಡ ಗಾತ್ರದಲ್ಲಿ ಚಿಕ್ಕದು. ಆದರೆ ಕಾಡಂಚಿನಲ್ಲಿ ಮೇಯುವ ಗಿಡ್ಡ ಹಸು ಕರುವಿನ ವಿಷಯಕ್ಕೆ ಬಂದರೆ ಯಾರಿಗೂ ಸೊಪ್ಪು ಹಾಕುವುದಿಲ್ಲ.

ಮೊದಲ ಹೆಜ್ಜೆ: ಒಂದು ತಿಂಗಳ ಮುಂಚಿನ ತಯಾರಿ

ಹಸುವಿನ ಗಬ್ಬದ ಅವಧಿ ಸುಮಾರು 280 ದಿನ. ದೇಸಿ ತಳಿಗಳು ಕೆಲವು ದಿನ ಜಾಸ್ತಿ ತೆಗೆದುಕೊಳ್ಳುತ್ತವೆ. ಗಬ್ಬ ಕಟ್ಟಿಸಿದ ತಾರೀಖನ್ನು ಕೊಟ್ಟಿಗೆಯ ಗೋಡೆ ಮೇಲೆ ಬರೆದಿಟ್ಟರೆ ಸಾಕು, ಲೆಕ್ಕ ಸಿಗುತ್ತದೆ.

ಕೊನೆಯ ತಿಂಗಳು ದಿನಾ ಒಬ್ಬರೇ ಹಸುವಿಗೆ ಮೇವು ಹಾಕಿ, ಮೈ ಉಜ್ಜಿ, ಕಾಲಿನ ಸಂದಿ, ಹೊಟ್ಟೆ, ಕೆಚ್ಚಲಿನ ಪಕ್ಕ ಕೈಯಾಡಿಸಿ. ಮಾತಾಡುತ್ತಾ ಮಾಡಿ. ಕರು ಹಾಕಿದ ದಿನ ಹತ್ತಿರ ಹೋಗುವುದೂ ಆ ಒಬ್ಬರೇ. ಮನೆಯಲ್ಲಿ ಗಂಡಸರು ಹಾಲು ಡೇರಿಗೆ ಒಯ್ಯುತ್ತಾರೆ, ಹೆಂಗಸರು ಕೊಟ್ಟಿಗೆ ನೋಡುತ್ತಾರೆ, ಆದರೆ ಕರು ಹಾಕಿದ ದಿನ ಮಾತ್ರ ಗಂಡಸರು ಮುಂದೆ ನುಗ್ಗುತ್ತಾರೆ. ಹಸು ಹಾಯುವುದು ಇಂಥ ಕಡೆಯೇ ಜಾಸ್ತಿ. ಯಾರ ಕೈ ಪರಿಚಯವೋ ಅವರೇ ಹೋಗಲಿ.

ಚೊಚ್ಚಲು ಕಡಸಾದರೆ ಈ ಅಭ್ಯಾಸ ಇನ್ನೂ ಮುಖ್ಯ. ಅದಕ್ಕೆ ನೋವೂ ಹೊಸದು, ಕರುವೂ ಹೊಸದು, ಕೆಚ್ಚಲು ಮುಟ್ಟುವ ಕೈಯೂ ಹೊಸದು. ಮೂರನ್ನೂ ಒಂದೇ ದಿನ ಹೇರಬೇಡಿ.

ಜಾಗ ಹೀಗಿರಲಿ. 3 ಮೀಟರ್‌ಗೆ 4 ಮೀಟರ್ ಇದ್ದರೆ ಒಂದು ಹಸು ಆರಾಮಾಗಿ ತಿರುಗಾಡಿ, ಮಲಗಿ ಕರು ಹಾಕಬಹುದು. ಜಾರದ ನೆಲ, ಮೇಲೆ ಒಣ ಹುಲ್ಲು. ಬೇರೆ ದನಗಳಿಂದ ಸ್ವಲ್ಪ ದೂರ. ಎಲ್ಲಕ್ಕಿಂತ ಮುಖ್ಯ, ಮನುಷ್ಯ ತಪ್ಪಿಸಿಕೊಳ್ಳಲು ದಾರಿ ಇರಬೇಕು. ಮೂಲೆಯಲ್ಲಿ ಒಬ್ಬರು ನುಸುಳುವಷ್ಟು ಸಂದಿ ಬಿಟ್ಟು ಅಡ್ಡಬೊಂಬು ಕಟ್ಟಿ. ಬಾಗಿಲು ಒಳಕ್ಕೆ ತೆರೆಯುವಂತಿದ್ದರೆ ಹೊರಕ್ಕೆ ತೆರೆಯುವಂತೆ ಬದಲಿಸಿ. ಹಸು ಮೈಮೇಲೆ ಬಂದಾಗ ಬಾಗಿಲನ್ನು ನಿಮ್ಮ ಕಡೆಗೆ ಎಳೆಯುತ್ತಾ ನಿಲ್ಲಲು ಆಗುವುದಿಲ್ಲ.

ಕೈಗೆ ಸಿಗುವಂತೆ ಇಡಬೇಕಾದ್ದು: ಟಿಂಚರ್ ಅಯೋಡಿನ್, ಕುದಿಸಿದ ದಾರ, ಹೊಸ ಬ್ಲೇಡು, ಕೈಗವಸು, ಒಣ ಬಟ್ಟೆ, ಟಾರ್ಚು. ಕುತ್ತಿಗೆಯ ಕಣ್ಣಿ ಹಳೆಯದಾಗಿದ್ದರೆ ಈಗಲೇ ಬದಲಾಯಿಸಿ. ಆ ದಿನ ಅದು ಕಿತ್ತುಬಂದರೆ ಕಷ್ಟ.

ಎರಡನೇ ಹೆಜ್ಜೆ: ಕರು ಹಾಕುವಾಗ ದೂರ ನಿಲ್ಲಿ

ಬಾಲದ ಬುಡದ ಎರಡೂ ಪಕ್ಕ ಕುಳಿ ಬಿದ್ದು ಸಡಿಲವಾದರೆ, ಕೆಚ್ಚಲು ಬಿಗಿದು ತೊಟ್ಟು ಮಿರುಗಿದರೆ, ಹೊತ್ತು ಹತ್ತಿರ. ಹಸು ಎದ್ದು ಕೂತು ಮಾಡುತ್ತದೆ, ಗುಂಪು ಬಿಟ್ಟು ಮೂಲೆ ಹುಡುಕುತ್ತದೆ. ಬಯಲಲ್ಲಿ ಮೇಯುವ ಹಸುವಾದರೆ ಸಂಜೆ ಮನೆಗೇ ಬರುವುದಿಲ್ಲ, ಯಾವುದೋ ಲಂಟಾನ ಪೊದೆಯ ಹಿಂದೆ ನಿಂತಿರುತ್ತದೆ. ಇಂಥ ದಿನಗಳಲ್ಲಿ ಮೇಯಲು ಬಿಡದೆ ಮನೆ ಹತ್ತಿರವೇ ಕಟ್ಟಿ. ನಾಯಿ, ಚಿರತೆ ಕಾಟ ಇರುವ ಊರಾದರಂತೂ ಇದು ಕಡ್ಡಾಯ.

ಹಸುವಿಗೆ ಕಾಣದಂತೆ, ನಿಮಗೆ ಅದು ಕಾಣುವಂತೆ ನಿಂತು ನೋಡಿ. ಮುಂಗಾಲುಗಳೆರಡು, ಅದರ ಮೇಲೆ ಮೂತಿ ಕಂಡರೆ ಎಲ್ಲ ಸರಿ. ನೀರಿನ ಚೀಲ ಒಡೆದು ಒಂದು ಗಂಟೆಯಾದರೂ, ಚೊಚ್ಚಲಾದರೆ ಎರಡು ಗಂಟೆಯಾದರೂ ಮುಂದುವರಿಯದಿದ್ದರೆ ಪಶುವೈದ್ಯರನ್ನು ಕರೆಯಿರಿ. ಒಂದೇ ಕಾಲು, ಬರೀ ಬಾಲ ಅಥವಾ ಬರೀ ತಲೆ ಕಂಡರೆ ಕಾಯುವುದೇ ಬೇಡ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ಉಚಿತ ಸಹಾಯವಾಣಿ ಇದೆ.

ಹೆರಿಗೆ ಕಷ್ಟವಾಗಿ ಕರುವನ್ನು ಎಳೆದು ತೆಗೆದಿದ್ದರೆ ಹಸು ಸುಸ್ತಾಗಿ ಕರುವಿನ ಕಡೆ ನೋಡದೇ ಇರಬಹುದು. ಆಗ ಕರುವನ್ನು ಅದರ ಮೂಗಿನ ಮುಂದಕ್ಕೆ ತಂದಿಡಿ. ನೆಕ್ಕಲು ಶುರು ಮಾಡಿತು ಅಂದರೆ ನೀವು ಹಿಂದೆ ಸರಿಯಿರಿ.

ಮೂರನೇ ಹೆಜ್ಜೆ: ಹಸುವಿನ ಮೈ ಓದುವುದು

ಇದೊಂದನ್ನು ಕಲಿತರೆ ಮಿಕ್ಕಿದ್ದೆಲ್ಲ ಸುಲಭ. ಹಸು ಎಚ್ಚರಿಕೆ ಕೊಡದೆ ಹಾಯುವುದು ಕಡಿಮೆ. ನಮಗೆ ಆ ಎಚ್ಚರಿಕೆ ಕಾಣುವುದಿಲ್ಲ, ಅಷ್ಟೇ.

ನೆಮ್ಮದಿಯಲ್ಲಿರುವ ಬಾಣಂತಿ ಹಸು ಬಾಯಿ ಮುಚ್ಚಿಕೊಂಡು ಗಂಟಲಲ್ಲೇ ಮೆಲ್ಲಗೆ 'ಹ್ಞೂಂ ಹ್ಞೂಂ' ಅನ್ನುತ್ತಿರುತ್ತದೆ. ಅದು ಕರುವಿನ ಜೊತೆಗಿನ ಮಾತು. ನೀವು ಬಾಗಿಲಿಗೆ ಬಂದಾಗಲೂ ಆ ಸದ್ದು ನಿಲ್ಲದೆ, ಕಿವಿ ಅತ್ತಿತ್ತ ಆಡುತ್ತಿದ್ದರೆ ಒಳಗೆ ಹೋಗಬಹುದು.

ಸದ್ದು ನಿಂತಿತು, ತಲೆ ಮೇಲೆದ್ದಿತು, ಎರಡೂ ಕಿವಿ ನಿಮ್ಮ ಕಡೆಗೇ ನೆಟ್ಟವು. ಇದು ಮೊದಲ ಮೆಟ್ಟಿಲು. ಅಲ್ಲೇ ನಿಲ್ಲಿ. ಮುಂದೆ ಹೋಗಬೇಡಿ, ಓಡಲೂ ಬೇಡಿ.

ಹಸು ಬಂದು ನಿಮಗೂ ಕರುವಿಗೂ ನಡುವೆ ಅಡ್ಡ ನಿಂತಿತು, ಮೈಯನ್ನು ಪಕ್ಕಕ್ಕೆ ತಿರುಗಿಸಿ ತನ್ನ ಉದ್ದ ತೋರಿಸಿತು. ಇದು ಎರಡನೆಯದು. ಬಹಳ ಜನ ಇದನ್ನು ನೋಡಿ 'ಮುಖ ಆ ಕಡೆ ಇದೆಯಲ್ಲ' ಅಂತ ಹತ್ತಿರ ಹೋಗುತ್ತಾರೆ. ತಪ್ಪು. ಹಸುವಿಗೆ ನೇರ ಹಿಂದಿನ ಒಂದು ತುಂಡು ಜಾಗ ಬಿಟ್ಟರೆ ಸುತ್ತಲೂ ಕಾಣುತ್ತದೆ. ಅದು ನಿಮ್ಮನ್ನು ನೋಡುತ್ತಲೇ ಇದೆ.

ತಲೆ ತಗ್ಗಿತು, ಗದ್ದ ಎದೆಗೆ ಬಂತು, ಬುಸ್ ಎಂದಿತು, ಮುಂಗಾಲಿನಲ್ಲಿ ನೆಲ ಕೆರೆಯಿತು, ಕೊಂಬು ಅಲ್ಲಾಡಿಸಿತು. ಇಲ್ಲಿಂದ ಮುಂದೆ ಮಾತಿಲ್ಲ, ಹಾಯುತ್ತದೆ. ಮುಖ ಅದರ ಕಡೆಗೇ ಇಟ್ಟುಕೊಂಡು, ಹಿಂದಕ್ಕೆ ಓರೆಯಾಗಿ, ನಿಧಾನವಾಗಿ ಸರಿದು ಆ ಸಂದಿಯಿಂದ ಹೊರಬನ್ನಿ.

ಅಕಸ್ಮಾತ್ ನುಗ್ಗಿಯೇ ಬಂದರೆ, ಕೈಯಲ್ಲಿದ್ದ ಬಕೆಟ್ಟನ್ನೋ ಟವೆಲನ್ನೋ ಅದರ ಮುಂದೆ ಪಕ್ಕಕ್ಕೆ ಎಸೆದು ನೀವು ಇನ್ನೊಂದು ಪಕ್ಕಕ್ಕೆ ಹೋಗಿ. ಒಂದು ಗಳಿಗೆ ಗಮನ ತಪ್ಪಿದರೂ ಸಾಕು. ಬಿದ್ದರೆ ಅಲ್ಲೇ ಕೂರದೆ ಉರುಳಿಕೊಂಡು ಬೊಂಬಿನ ಕೆಳಗೆ ನುಸುಳಿ. ಹಸು ಬಿದ್ದವರನ್ನು ತಲೆಯಿಂದ ನೆಲಕ್ಕೆ ಒತ್ತುತ್ತದೆ, ಪಕ್ಕೆಲುಬು ಮುರಿಯುವುದು ಅಲ್ಲೇ. ಜೊತೆಗೆ ನಾಯಿ ಬಂದಿದ್ದರೆ ಹಗ್ಗ ಬಿಟ್ಟುಬಿಡಿ. ಹಸುವಿನ ಸಿಟ್ಟು ನಾಯಿ ಮೇಲೆ, ನಾಯಿ ಓಡಿ ತಪ್ಪಿಸಿಕೊಳ್ಳುತ್ತದೆ, ನಿಮ್ಮಿಂದ ಆಗುವುದಿಲ್ಲ.

ಕೋಲಿನ ವಿಷಯ. ಕೈಯಲ್ಲಿ ಒಂದು ಉದ್ದನೆ ಕೋಲು ಇರಲಿ, ಅಡ್ಡ ಹಿಡಿಯಲು. ಹೊಡೆಯಲು ಬೇಡ. ಕರುವಿನ ಹತ್ತಿರ ಬಂದವರು ಹೊಡೆಯುತ್ತಾರೆ ಅಂತ ಹಸು ಒಮ್ಮೆ ಕಲಿತರೆ ಮುಂದಿನ ಸೂಲಿನಲ್ಲೂ ಅದನ್ನು ಮರೆಯುವುದಿಲ್ಲ.

ನಾಲ್ಕನೇ ಹೆಜ್ಜೆ: ಮೊದಲ ಎರಡು ಗಂಟೆ

ಈ ಹೊತ್ತಿನಲ್ಲಿ ಆಗಲೇಬೇಕಾದ್ದು ಮೂರೇ ಕೆಲಸ. ಕರು ಉಸಿರಾಡಬೇಕು, ಹೊಕ್ಕುಳಿಗೆ ಔಷಧಿ ಬೀಳಬೇಕು, ಗಿಣ್ಣು ಹಾಲು ಹೊಟ್ಟೆಗೆ ಹೋಗಬೇಕು. ತೂಕ ನೋಡುವುದು, ಕೊರಳಿಗೆ ಗೆಜ್ಜೆ ಕಟ್ಟುವುದು, ಫೋಟೊ ತೆಗೆಯುವುದು ಯಾವುದೂ ಈಗ ಬೇಡ.

ಉಸಿರಾಟಕ್ಕೆ ತೊಂದರೆ ಇದ್ದರೆ ಮಾತ್ರ ಕೂಡಲೇ ಕೈ ಹಾಕಿ. ಮೂಗು, ಬಾಯಿಯ ಲೋಳೆ ತೆಗೆಯಿರಿ, ಒಣ ಹುಲ್ಲಿನಿಂದ ಎದೆ ಉಜ್ಜಿ, ಮೂಗಿನ ಹೊಳ್ಳೆಯಲ್ಲಿ ಹುಲ್ಲುಕಡ್ಡಿ ಆಡಿಸಿ. ಸೀನಿದರೆ ಗೆದ್ದಂತೆ. ಇಲ್ಲದಿದ್ದರೆ ಅರ್ಧ ಗಂಟೆ ಹಸುವಿಗೆ ಬಿಡಿ. ನೆಕ್ಕಲಿ.

ಹೊಕ್ಕುಳಿಗೆ ಇಬ್ಬರು ಬೇಕು. ಪರಿಚಯದ ಕೈ ಹಸುವಿನ ತಲೆಯ ಬಳಿ, ಕಣ್ಣಿ ಹಿಡಿದು, ಬೂಸಾ ಕಲಸಿದ ಬೋಗುಣಿ ಇಟ್ಟು ನಿಲ್ಲಲಿ. ಇನ್ನೊಬ್ಬರು ಕರುವಿನ ಹತ್ತಿರ. ಕರುವನ್ನು ಎತ್ತಬೇಡಿ. ನೆಲದಿಂದ ಮೇಲೆದ್ದ ಕರು ಹಸುವಿನ ಲೆಕ್ಕದಲ್ಲಿ ಕದ್ದೊಯ್ಯುತ್ತಿರುವ ಕರು. ನೆಲದ ಮೇಲೇ ಮೆಲ್ಲಗೆ ಸರಿಸಿ, ಹಸುವಿನ ಮೂಗಿಗೆ ಎಟುಕುವ ಹಾಗೆ ಇಟ್ಟುಕೊಳ್ಳಿ. ಕರು ಕೂಗಿದರೆ ಹಸು ಕಣ್ಣಿಯನ್ನೂ ಲೆಕ್ಕಿಸುವುದಿಲ್ಲ, ಹಾಗಾಗಿ ಕರುವನ್ನು ಒತ್ತಿ ಹಿಡಿಯದೆ ಸಡಿಲವಾಗಿ ಹಿಡಿಯಿರಿ. ಹೊಟ್ಟೆಯಿಂದ ಎರಡು ಇಂಚು ಬಿಟ್ಟು ಕುದಿಸಿದ ದಾರ ಕಟ್ಟಿ, ಅದರ ಕೆಳಗೆ ಕತ್ತರಿಸಿ, ಉಳಿದ ತುಂಡನ್ನು ಟಿಂಚರ್ ಅಯೋಡಿನ್‌ನಲ್ಲಿ ಅದ್ದಿ. ಹೊರಗೆ ಬನ್ನಿ. ಕೈಯಲ್ಲಿ ಅಯೋಡಿನ್ ವಾಸನೆ ಇದ್ದಾಗ ಕರುವಿನ ತಲೆ ಸವರಬೇಡಿ, ಅಲ್ಲಿ ಹಸುವಿಗೆ ಬೇಕಾಗಿರುವುದು ತನ್ನ ವಾಸನೆ.

ಗಿಣ್ಣಿನ ಮಾತು. ಗರ್ಭದಲ್ಲಿದ್ದಾಗ ತಾಯಿಯ ರೋಗನಿರೋಧಕ ಶಕ್ತಿ ಕರುವಿಗೆ ಇಳಿಯುವುದಿಲ್ಲ. ಎಲ್ಲವೂ ಗಿಣ್ಣಿನಲ್ಲೇ ಬರಬೇಕು. ಕರುವಿನ ಕರುಳು ಅದನ್ನು ಹಾಗೇ ಹೀರಿಕೊಳ್ಳುವುದು ಮೊದಲ ಕೆಲವು ಗಂಟೆ ಮಾತ್ರ. 6 ಗಂಟೆ ದಾಟಿದರೆ ಕರುಳು ಹೀರುವ ಶಕ್ತಿ ಬಹಳ ಕುಗ್ಗಿರುತ್ತದೆ, 24 ಗಂಟೆಗೆ ಬಾಗಿಲು ಮುಚ್ಚಿದ ಹಾಗೆ. ಕರುವಿನ ತೂಕದ ಹತ್ತನೇ ಒಂದು ಭಾಗ ಗಿಣ್ಣು ಮೊದಲ ದಿನ ಹೊಟ್ಟೆಗೆ ಹೋಗಬೇಕು. 30 ಕೆಜಿಯ ಮಿಶ್ರತಳಿ ಕರುವಿಗೆ 3 ಲೀಟರ್, ಅದರಲ್ಲಿ ಹೆಚ್ಚಿನ ಪಾಲು ಮೊದಲ ಎರಡು ಮೂರು ಗಂಟೆಯಲ್ಲೇ. ನೆರೆಮನೆಗೆ ಗಿಣ್ಣು ಕಳಿಸುವ ಸಂಭ್ರಮ ಆಮೇಲೆ. ಕರು ಕುಡಿದು ಮಿಕ್ಕಿದ್ದು ಮನೆಗೆ.

ಸಿಟ್ಟಿನ ಹಸುವಾದರೆ ಕರು ತಾನೇ ಎದ್ದು ಕುಡಿಯಲಿ ಎಂದು ಬಿಡುವುದೇ ಒಳ್ಳೆಯದು. ಗಟ್ಟಿಮುಟ್ಟಾದ ಕರು ಒಂದು ಗಂಟೆಯೊಳಗೆ ಎದ್ದು ನಿಲ್ಲುತ್ತದೆ. ಎರಡು ಗಂಟೆಯಾದರೂ ತೊಟ್ಟು ಸಿಗದೆ ತಡಕಾಡುತ್ತಿದ್ದರೆ, ಹಸುವನ್ನು ಗೋಡೆ ಪಕ್ಕಕ್ಕೆ ಕಟ್ಟಿ, ದಿನಾ ಕರೆಯುವ ಪಕ್ಕದಿಂದಲೇ ಹೋಗಿ ಕರುವಿನ ಬಾಯಿಗೆ ತೊಟ್ಟು ಕೊಡಿ. ನಾಲ್ಕೂ ತೊಟ್ಟಿನಿಂದ ಒಂದೆರಡು ಧಾರೆ ಹಿಂಡಿ ನೋಡುವುದನ್ನೂ ಆಗಲೇ ಮಾಡಿ ಮುಗಿಸಿ.

ಐದನೇ ಹೆಜ್ಜೆ: ಕಸ ಬೀಳುವವರೆಗೆ

ಕರುವಿನ ಹಿಂದೆ ಹೊರಬರುವ ಮಾಸು ಅಥವಾ ಕಸ ಸಾಮಾನ್ಯವಾಗಿ 12 ಗಂಟೆಯೊಳಗೆ ಬೀಳುತ್ತದೆ. 24 ಗಂಟೆಯಾದರೂ ಬೀಳದಿದ್ದರೆ ವೈದ್ಯರಿಗೆ ಹೇಳಿ. ನೇತಾಡುತ್ತಿದೆ ಅಂತ ಎಳೆಯುವುದು, ಕಲ್ಲು ಕಟ್ಟುವುದು ಬೇಡವೇ ಬೇಡ. ಬಿದ್ದ ಕೂಡಲೇ ಹಸು ಅದನ್ನು ತಿನ್ನಲು ನೋಡುತ್ತದೆ, ಗಂಟಲಿಗೆ ಸಿಕ್ಕಿಕೊಳ್ಳುವ ಭಯ ಇದೆ. ಹಾಗಂತ ಅದರ ಬಾಯಿಂದ ಕಿತ್ತುಕೊಳ್ಳಲು ಹೋದರೆ ಹಾಯುತ್ತದೆ. ಮುಂದೆ ಮೇವು ತೋರಿಸಿ, ಹಿಂದಿನಿಂದ ಉದ್ದ ಕೋಲಿನಿಂದ ಸರಿಸಿಕೊಳ್ಳಿ. ಬರಿಗೈಯಲ್ಲಿ ಮುಟ್ಟಬೇಡಿ. ಕಂದುರೋಗ ಎನ್ನುವ ಬ್ರುಸೆಲ್ಲೋಸಿಸ್ ಮನುಷ್ಯರಿಗೆ ಹೀಗೂ ಅಂಟುತ್ತದೆ. ಹಳ್ಳಿಗಳಲ್ಲಿ ಹುಲ್ಲಿನಲ್ಲಿ ಸುತ್ತಿ ಆಲದ ಮರಕ್ಕೆ ಕಟ್ಟುವ ರೂಢಿ ಇದೆ. ನಂಬಿಕೆ ಇರಲಿ, ಆದರೆ ಆಳವಾಗಿ ಗುಂಡಿ ತೆಗೆದು ಸುಣ್ಣ ಹಾಕಿ ಹೂಳುವುದು ಮೇಲು. ಆ ವಾಸನೆಗೆ ನಾಯಿಗಳು ಬರುತ್ತವೆ. ನಾಯಿ ಬಂದರೆ ಹಸು ರಾತ್ರಿಯಿಡೀ ಸಿಟ್ಟಿನಲ್ಲೇ ಇರುತ್ತದೆ.

ಆರನೇ ಹೆಜ್ಜೆ: ಎರಡನೇ ದಿನದಿಂದ ಹತ್ತನೇ ದಿನ

ಕರು ನೋಡಲು ಬರುವವರನ್ನು ಬೊಂಬಿನ ಆಚೆಯೇ ನಿಲ್ಲಿಸಿ. ಮಕ್ಕಳಿಗೆ ಕಟ್ಟುನಿಟ್ಟಾಗಿ ಹೇಳಿ: ಕರು ಮುಟ್ಟಬೇಕೆಂದರೆ ಹಸುವನ್ನು ಕಟ್ಟಿದ ಮೇಲೆ, ದೊಡ್ಡವರ ಜೊತೆ ಮಾತ್ರ. ಮಗು ಓಡುತ್ತದೆ, ಕಿರುಚುತ್ತದೆ, ಬಗ್ಗುತ್ತದೆ. ಹಸುವಿನ ಕಣ್ಣಿಗೆ ಈ ಮೂರೂ ಕೆಟ್ಟ ಸೂಚನೆ. ಕೊಡೆ ಬಿಚ್ಚಿಕೊಂಡು, ಹೆಲ್ಮೆಟ್ ಹಾಕಿಕೊಂಡು ಒಳಗೆ ಹೋಗಬೇಡಿ. ಕೆಂಪು ಬಟ್ಟೆಗೆ ಹೆದರಬೇಕಿಲ್ಲ, ಹಸುವಿಗೆ ಕೆಂಪು ಸರಿಯಾಗಿ ಕಾಣುವುದೇ ಇಲ್ಲ.

ಮೇಯಲು ಬಿಡುವ ಹಸು ಕರುವನ್ನು ಪೊದೆಯಲ್ಲಿ ಅಡಗಿಸಿಟ್ಟು ತಾನು ದೂರ ಮೇಯುತ್ತದೆ. ಕರುವೂ ಅಲುಗಾಡದೆ ಮಲಗಿರುತ್ತದೆ. ಹುಡುಕುವವರು ಕರು ಕಳೆದೇ ಹೋಯಿತು ಅಂತ ಗಾಬರಿಯಾಗುತ್ತಾರೆ. ಹಸುವನ್ನು ಬಿಟ್ಟು ದೂರದಿಂದ ಹಿಂಬಾಲಿಸಿ, ಕೆಚ್ಚಲು ತುಂಬಿದಾಗ ಅದೇ ದಾರಿ ತೋರಿಸುತ್ತದೆ. ಹಸುವಿಗಿಂತ ಮೊದಲು ನೀವೇ ಕರುವಿನ ಮೇಲೆ ಕಾಲಿಟ್ಟರೆ ಮಾತ್ರ ಕಥೆ ಬೇರೆ.

ಹಾಲು ಕರೆಯುವುದು. ದೇಸಿ ಹಸು ಕರು ಕಾಣದೆ ಸೊರೆ ಬಿಡುವುದಿಲ್ಲ, ಅಂದರೆ ಹಾಲು ಇಳಿಸುವುದಿಲ್ಲ. ಕರುವನ್ನು ಮೊದಲು ಕುಡಿಯಲು ಬಿಟ್ಟು, ಆಮೇಲೆ ಹಸುವಿನ ಮುಂದೆಯೇ ಕಟ್ಟಿ, ಅದು ನೆಕ್ಕುತ್ತಿರುವಾಗ ಕರೆಯಿರಿ. ಒಂದು ಅಥವಾ ಎರಡು ತೊಟ್ಟು ಕರುವಿಗೇ ಬಿಟ್ಟರೆ ಜಗಳವೇ ಇರುವುದಿಲ್ಲ. ಕರುವನ್ನು ಹಿಂದೆ, ಕಾಣದ ಕಡೆ ಕಟ್ಟಿ ಕರೆಯಲು ಕೂತರೆ ಒದೆತ ಗ್ಯಾರಂಟಿ. ಹಾಲು ಇಳಿಸಲು ಸೂಜಿ ಹಾಕಿಸುವ ಚಟ ಮಾತ್ರ ಬೇಡ. ಹಸುವಿಗೆ ಕೆಡುಕು ಮಾಡಿ ಹಾಲು ಹೆಚ್ಚಿಸುವ ಸೂಜಿಯನ್ನು ಪ್ರಾಣಿ ಹಿಂಸೆ ತಡೆ ಕಾಯ್ದೆಯೂ ನಿಷೇಧಿಸಿದೆ.

ಕರುವನ್ನು ಬೇರೆ ಮಾಡಿ ಬಾಟಲಿಯಲ್ಲಿ ಸಾಕುವ ಡೇರಿಯಾದರೆ, ಏನು ಮಾಡುವುದೆಂದು ಮೊದಲೇ ನಿರ್ಧರಿಸಿ. ನಾಲ್ಕು ದಿನ ಜೊತೆಗಿಟ್ಟು ಐದನೇ ದಿನ ಒಮ್ಮೆಲೇ ಕಿತ್ತರೆ ಹಸು ಎರಡು ಮೂರು ದಿನ ಕೂಗುತ್ತದೆ, ಹಾಲೂ ಕಡಿಮೆಯಾಗುತ್ತದೆ. ನನ್ನನ್ನು ಕೇಳಿದರೆ, ಎರಡು ಮೂರು ಹಸು ಸಾಕುವವರಿಗೆ ಈ ಪದ್ಧತಿ ಬೇಕಿಲ್ಲ.

ಮಮತೆ ಬಾರದಿದ್ದರೆ

ಚೊಚ್ಚಲು ಹಸು ಕೆಲವೊಮ್ಮೆ ಕರುವನ್ನೇ ಒದೆಯುತ್ತದೆ, ತಲೆಯಿಂದ ತಳ್ಳುತ್ತದೆ. ಕೆಚ್ಚಲು ಬಾತು ನೋಯುತ್ತಿರುವುದು ಸಾಮಾನ್ಯ ಕಾರಣ. ಮೊದಲು ಸ್ವಲ್ಪ ಹಾಲು ಕೈಯಲ್ಲೇ ಕರೆದು ಬಿಗಿತ ಇಳಿಸಿ. ಕರುವಿನ ಬೆನ್ನಿಗೆ ಗರ್ಭದ ನೀರು ಹಚ್ಚಿ, ಇಲ್ಲದಿದ್ದರೆ ಉಪ್ಪು ಅಥವಾ ಬೆಲ್ಲದ ನೀರು ಹಚ್ಚಿ ನೆಕ್ಕಿಸಿ. ಹಸುವನ್ನು ಕಟ್ಟಿ, ದಿನಕ್ಕೆ ನಾಲ್ಕೈದು ಸಲ ಕುಡಿಸಿ. ಹೆಚ್ಚಿನವು ಎರಡು ಮೂರು ದಿನದಲ್ಲಿ ಒಪ್ಪಿಕೊಳ್ಳುತ್ತವೆ. ರಾತ್ರಿ ಮಾತ್ರ ಎರಡನ್ನೂ ಕಟ್ಟದೆ ಒಟ್ಟಿಗೆ ಬಿಡಬೇಡಿ.

ಇದು ಮಮತೆಯೋ ಕಾಯಿಲೆಯೋ

ಮಮತೆಯ ಸಿಟ್ಟು ಕರುವಿನ ಸುತ್ತಲೇ ಇರುತ್ತದೆ. ನೀವು ದೂರ ಹೋದರೆ ಇಳಿಯುತ್ತದೆ, ಮೇವು ತಿನ್ನುತ್ತದೆ. ಕರುವನ್ನೂ ಮರೆತು ಗೋಡೆಗೆ, ಗೂಟಕ್ಕೆ ಹಾಯುತ್ತಿದ್ದರೆ, ಗಂಟಲು ಒಡೆದ ದನಿಯಲ್ಲಿ ಕೂಗುತ್ತಿದ್ದರೆ, ಜೊಲ್ಲು ಸುರಿಸುತ್ತಾ ನೀರು ನುಂಗಲಾಗದಿದ್ದರೆ ಹುಚ್ಚುನಾಯಿ ರೋಗ ಇರಬಹುದು. ಗಂಟಲಲ್ಲಿ ಏನೋ ಸಿಕ್ಕಿದೆ ಅಂತ ಬಾಯಿಗೆ ಕೈ ಹಾಕುವುದು ಜೀವಕ್ಕೇ ಅಪಾಯ. ಹಾಲು ಬಳಸಬೇಡಿ. ವೈದ್ಯರಿಗೆ ತಿಳಿಸಿ. ಜೊಲ್ಲು ತಾಗಿದವರು ಸೋಪು ಹಚ್ಚಿ ನೀರಿನಲ್ಲಿ ಚೆನ್ನಾಗಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ ಲಸಿಕೆ ಕೇಳಿ.

ಜಾಸ್ತಿ ಹಾಲಿನ ಮಿಶ್ರತಳಿ ಕರು ಹಾಕಿದ ಎರಡು ಮೂರು ದಿನದಲ್ಲಿ ನಡುಗಿ, ತೂರಾಡಿ, ಕುತ್ತಿಗೆ ಪಕ್ಕಕ್ಕೆ ಮಡಚಿ ಮಲಗಿದರೆ ಅದು ಹಾಲುಜ್ವರ. ಕ್ಯಾಲ್ಸಿಯಂ ಕೊರತೆ. ಡಾಕ್ಟರು ಬಂದು ನರಕ್ಕೆ ಕ್ಯಾಲ್ಸಿಯಂ ಕೊಟ್ಟರೆ ಏಳುತ್ತದೆ, ತಡವಾದರೆ ಇಲ್ಲ. ಮೈಮರೆತು ಗೋಡೆ ನೆಕ್ಕುತ್ತಾ, ಮೈ ಕಚ್ಚಿಕೊಳ್ಳುತ್ತಾ ಸಿಟ್ಟಾಗಿದ್ದರೆ, ಮೈಗೆ ಶಕ್ತಿ ಸಾಲದೆ ಬರುವ ಕೀಟೋಸಿಸ್ ಎಂಬ ಕಾಯಿಲೆ ಇರಬಹುದು. ಒಂದು ತೊಟ್ಟು ಮುಟ್ಟಿದಾಗ ಮಾತ್ರ ಒದ್ದರೆ ಕೆಚ್ಚಲುಬಾವು ನೋಡಿ.

ಮುಂದಿನ ಸೂಲಿಗೆ

ಹಾಯುವ ಗುಣ ಸ್ವಲ್ಪ ಮಟ್ಟಿಗೆ ರಕ್ತದಲ್ಲೇ ಬರುತ್ತದೆ. ಹತ್ತು ದಿನದಲ್ಲಿ ಇಳಿಯುವ ಸಿಟ್ಟಾದರೆ ಆ ಹಸುವನ್ನು ಇಟ್ಟುಕೊಳ್ಳಿ. ಅದರ ಕರುಗಳು ಬದುಕುತ್ತವೆ, ಅದರಲ್ಲೂ ಬಯಲಲ್ಲಿ ಮೇಯಿಸುವವರಿಗೆ ಇಂಥ ತಾಯಿಯೇ ಬೇಕು. ತಿಂಗಳು ಕಳೆದರೂ ಯಾರನ್ನೂ ಹತ್ತಿರ ಬಿಡದ ಹಸು, ವಯಸ್ಸಾದವರೂ ಮಕ್ಕಳೂ ಇರುವ ಮನೆಗೆ ತಕ್ಕದ್ದಲ್ಲ. ಸಂತೆಯಲ್ಲಿ ಮಾರುವುದಾದರೆ ಕೊಳ್ಳುವವರಿಗೆ ಬಾಯಿಬಿಟ್ಟು ಹೇಳಿ: ಕರು ಹಾಕಿದಾಗ ಹಾಯುತ್ತದೆ, ಎಡಪಕ್ಕದಿಂದ ಕರೆದು ಅಭ್ಯಾಸ, ಹೆಂಗಸರ ಕೈಗೆ ಹೊಂದಿಕೊಂಡಿದೆ, ಹೀಗೆ ಏನೇನಿದೆಯೋ ಅಷ್ಟನ್ನೂ. ಸಾವಿರವೋ ಎರಡು ಸಾವಿರವೋ ಬೆಲೆ ಇಳಿಯಬಹುದು. ಇಳಿಯಲಿ.